ಟ್ರಾನ್ಸಿಸ್ಟರ್‌ನಿಂದ ಐಫೋನ್‌ವರೆಗೆ: ಬೆಂಗಳೂರು ಗ್ರಾಮಾಂತರ ಹೇಳುವ ಕತೆ

ಮಾರುಕಟ್ಟೆಗೆ ಹೊಸ ಮೊಬೈಲ್ ಫೋನ್ ಬಂದಿತೆಂದರೆ ನಮ್ಮ ಯುವಕರ ನಡುವೆ ದೊಡ್ಡ ಚರ್ಚೆಯೇ ಆರಂಭವಾಗುತ್ತದೆ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ, ಕಳೆದ ವರ್ಷದ ಮಾದರಿಗಿಂತ ಇದು ಯಾವುದರಲ್ಲಿ ಮೇಲು ಎಂಬ ಬಗ್ಗೆ ಪ್ರತಿಯೊಬ್ಬರಿಗೂ ಒಂದು ಅಭಿಪ್ರಾಯವಿರುತ್ತದೆ. ನಾವೂ ಇದಕ್ಕೆ ಹೊರತಲ್ಲ. ಹಿಂಬದಿಯ ಮುಚ್ಚಳ ತೆಗೆಯಲು ಬಾರದ ಫೋನು ಪೂರ್ತಿ ನಮ್ಮದಲ್ಲ ಎಂಬುದು ನಮ್ಮ ಹಳೆಯ ಹಟ. ಎರಡು ಬ್ಯಾಟರಿ ಸೆಲ್ ಹಾಕಿದರೆ ತಿಂಗಳುಗಟ್ಟಲೆ ಹಾಡುತ್ತಿದ್ದ ಟ್ರಾನ್ಸಿಸ್ಟರ್‌ನಂತಹ ಉಪಕಾರಿ ವಸ್ತು ಆ ಮೇಲೆ ಬರಲೇ ಇಲ್ಲ ಎನ್ನುವ ಹಿರಿಯರೂ ನಮ್ಮಲ್ಲಿದ್ದಾರೆ. ಇಂತಹ ಮಾತುಗಳು ಸಂತೋಷ ಕೊಡುತ್ತವೆ; ಅದರಲ್ಲಿ ತಪ್ಪೇನಿಲ್ಲ.

ಆದರೆ ಈ ಅಭಿಪ್ರಾಯಗಳೆಲ್ಲ ಒಂದು ಯಂತ್ರದ ಬದುಕಿನ ನಡುವಿನ ಭಾಗಕ್ಕೆ ಮಾತ್ರ ಸಂಬಂಧಿಸಿದವು. ಅಂಗಡಿಯಲ್ಲಿ ಕೊಂಡ ದಿನದಿಂದ ಬೇಸರ ಬಂದು ಬದಿಗಿಡುವ ದಿನದವರೆಗಿನ ಕತೆ ಅದು. ಅಂಗಡಿಗೆ ಬರುವ ಮೊದಲು ಅದು ಎಲ್ಲಿತ್ತು, ಯಾರ ಕೈಯಲ್ಲಿ ತಯಾರಾಯಿತು, ಬದಿಗಿಟ್ಟ ಮೇಲೆ ಎಲ್ಲಿಗೆ ಹೋಯಿತು ಎಂದು ನಾವು ಕೇಳುವುದು ಕಡಿಮೆ. ಇಂತಹ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡು ಚೀನಾಕ್ಕೋ ಅಮೆರಿಕಕ್ಕೋ ಹೋಗಬೇಕಾಗಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲೂಕುಗಳಲ್ಲಿ, ಅಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲದಲ್ಲಿ, ಒಮ್ಮೆ ಸುತ್ತಾಡಿ ಬಂದರೆ ಸಾಕು. ಯಂತ್ರದ ಹುಟ್ಟು, ಬಾಳು, ಸಾವು ಮೂರೂ ಅಲ್ಲಿ ಕಾಣಸಿಗುತ್ತವೆ.

1986ರ ಆಗಸ್ಟ್ 15ರಂದು ಬೆಂಗಳೂರು ಜಿಲ್ಲೆಯನ್ನು ವಿಭಜಿಸಿ ಗ್ರಾಮಾಂತರ ಜಿಲ್ಲೆಯನ್ನು ರಚಿಸಲಾಯಿತು. 2007ರಲ್ಲಿ ರಾಮನಗರ ಬೇರೆಯಾದ ಬಳಿಕ ಈ ನಾಲ್ಕು ತಾಲೂಕುಗಳು ಉಳಿದವು. 2025ರ ಜುಲೈಯಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟವು ಇದಕ್ಕೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ತೀರ್ಮಾನಿಸಿತು. ರಾಗಿ, ದ್ರಾಕ್ಷಿ, ರೇಷ್ಮೆ, ಮಗ್ಗಗಳಿಗೆ ಹೆಸರಾದ ಈ ನೆಲಕ್ಕೆ ಯಂತ್ರಗಳ ನಂಟು ಹೇಗೆ ಬೆಳೆಯಿತು ಎಂಬುದನ್ನು ಇಲ್ಲಿ ನೋಡೋಣ.

ಅರಮನೆಯ ಆಟಿಕೆ

ಕುತೂಹಲದ ಯಂತ್ರವೊಂದರ ಕತೆಯಿಂದಲೇ ಆರಂಭಿಸಬಹುದು. 1749ರಲ್ಲಿ ಮೈಸೂರಿನ ಸೇನೆ ದೇವನಹಳ್ಳಿ ಕೋಟೆಗೆ ಮುತ್ತಿಗೆ ಹಾಕಿದಾಗ ಸಾಹಸ ಮೆರೆದು ಗಮನ ಸೆಳೆದವನು ಹೈದರ್ ಅಲಿ. ಮುಂದೆ ಆತನ ಮಗ ಟಿಪ್ಪು ಹುಟ್ಟಿದ್ದೂ ದೇವನಹಳ್ಳಿಯಲ್ಲೇ. ಆ ಟಿಪ್ಪುವಿನ ಅರಮನೆಯಲ್ಲಿ ಮರದ ಹುಲಿಯೊಂದಿತ್ತು. ಯುರೋಪಿಯನ್ ಒಬ್ಬನ ಮೇಲೆ ಎರಗಿದ ಭಂಗಿಯ ಆ ಹುಲಿಯ ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಕೆಳಗೆ ಬಿದ್ದವನು ನರಳುತ್ತಾ ಕೈಯೆತ್ತುತ್ತಾನೆ. ಹುಲಿಯ ಪಕ್ಕೆಯೊಳಗೆ ನುಡಿಸಬಹುದಾದ ಒಂದು ಚಿಕ್ಕ ಆರ್ಗನ್ ವಾದ್ಯವೂ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಅದನ್ನು ಕೊಳ್ಳೆಯ ವಸ್ತುವಾಗಿ ಒಯ್ದರು. 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಅದು ಪ್ರದರ್ಶನಕ್ಕಿತ್ತು. ನೋಡಲು ಬಂದವರೆಲ್ಲ ಹಿಡಿಕೆ ತಿರುಗಿಸಿ ಎಬ್ಬಿಸುತ್ತಿದ್ದ ಸದ್ದಿನಿಂದ ಅಲ್ಲಿನ ಗ್ರಂಥಾಲಯದಲ್ಲಿ ಓದುತ್ತಿದ್ದವರು ರೋಸಿಹೋಗಿದ್ದರಂತೆ. ಈಗ ಅದು ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಆ ಕಾಲದಲ್ಲಿ ಇಂತಹ ಯಂತ್ರಗಳು ಅರಮನೆಯ ಸೊತ್ತು. ಹೊಲ ಉಳುವವನಿಗೂ ಮಗ್ಗ ನೇಯುವವನಿಗೂ ಅದು ಎಟುಕುವಂತಿರಲಿಲ್ಲ. ಸಾಮಾನ್ಯ ಮನುಷ್ಯನ ಮನೆಗೆ ಮಾತನಾಡುವ ಯಂತ್ರ ಬರಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು.

ಒಂದು ರೇಡಿಯೋ, ಇಡೀ ಬೀದಿ

1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಸಣ್ಣ ಪ್ರಸಾರ ಕೇಂದ್ರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಆ ಕೇಂದ್ರದಿಂದ. ಮುಂದೆ ಇಡೀ ದೇಶದ ಸರಕಾರಿ ರೇಡಿಯೋ ಅದನ್ನೇ ತನ್ನ ಹೆಸರನ್ನಾಗಿ ಮಾಡಿಕೊಂಡಿತು. ಬೆಂಗಳೂರು ಕೇಂದ್ರ 1955ರ ನವೆಂಬರ್ 2ರಂದು ಪ್ರಾರಂಭವಾಯಿತು.

ಆರಂಭದ ರೇಡಿಯೋಗಳು ದೊಡ್ಡ ಪೆಟ್ಟಿಗೆಗಳು. ಅವು ವಿದ್ಯುತ್ ಇರುವ ಮನೆಗಷ್ಟೇ. ಮಾತ್ರವಲ್ಲ, ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು. 1980ರ ದಶಕದ ಮಧ್ಯದಲ್ಲಿ ಆ ಪದ್ಧತಿ ಹೋಯಿತು. 1947ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜನಿಸಿದ ಟ್ರಾನ್ಸಿಸ್ಟರ್ ಎಂಬ ಪುಟ್ಟ ಬಿಡಿಭಾಗ ಈ ಪೆಟ್ಟಿಗೆಯನ್ನು ಕೈಚೀಲದಷ್ಟು ಚಿಕ್ಕದಾಗಿಸಿತು. ವಿದ್ಯುತ್ ಇಲ್ಲದ ಊರಿಗೂ ಅದು ಸೆಲ್‌ಗಳ ಬಲದಿಂದ ನಡೆದುಹೋಯಿತು. ಯಂತ್ರದ ಹೆಸರನ್ನು ಬಿಟ್ಟು ಅದರೊಳಗಿನ ಬಿಡಿಭಾಗದ ಹೆಸರನ್ನೇ ಜನ ಯಂತ್ರಕ್ಕೆ ಇಟ್ಟುಬಿಟ್ಟರು!

ರೇಡಿಯೋ ಬರೇ ಹಾಡಿನ ಪೆಟ್ಟಿಗೆಯಾಗಿರಲಿಲ್ಲ. ತಮಿಳುನಾಡಿನ ತಂಜಾವೂರಿನಲ್ಲಿ ರೇಡಿಯೋ ಕೇಳಿ ರೈತರು ಬೆಳೆಯಲಾರಂಭಿಸಿದ ಹೊಸ ತಳಿಯ ಭತ್ತಕ್ಕೆ ‘ರೇಡಿಯೋ ಭತ್ತ’ ಎಂದೇ ಹೆಸರು ಬಿದ್ದಿತ್ತು. ನಮ್ಮಲ್ಲೂ ಹವಾಮಾನ, ಬಿತ್ತನೆ, ಗೊಬ್ಬರ, ಮಾರುಕಟ್ಟೆಯ ದರ ಎಲ್ಲವೂ ರೇಡಿಯೋದ ಕೃಷಿ ಕಾರ್ಯಕ್ರಮಗಳಿಂದ ಹೊಲಕ್ಕೆ ತಲುಪಿದವು. ಇನ್ನೊಂದೆಡೆ, 1952ರಲ್ಲಿ ಆರಂಭವಾದ ರೇಡಿಯೋ ಸಿಲೋನಿನ ‘ಬಿನಾಕಾ ಗೀತ್‌ಮಾಲಾ’ಕ್ಕಾಗಿ ವಾರವಿಡೀ ಕಾಯುವವರಿದ್ದರು. ಅಮೀನ್ ಸಯಾನಿಯವರ ಸ್ವರ ಕೇಳಿದರೆ ಅಕ್ಕಪಕ್ಕದ ಮನೆಯವರೂ ಜಗಲಿಗೆ ಬಂದು ಕೂರುತ್ತಿದ್ದರು. 2024ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ನಮ್ಮಲ್ಲಿ ಅನೇಕರಿಗೆ ಮೊದಲು ನೆನಪಾದದ್ದು ಆ ಜಗಲಿ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ರೇಡಿಯೋ ಒಬ್ಬನ ಸೊತ್ತಾಗಿದ್ದರೂ ಅದರ ಪ್ರಯೋಜನ ಒಬ್ಬನಿಗೆ ಸೀಮಿತವಾಗಿರಲಿಲ್ಲ. ಚಹಾದಂಗಡಿಯವನು ರೇಡಿಯೋ ಹಚ್ಚಿದರೆ ಇಡೀ ಬೀದಿಗೆ ವಾರ್ತೆ ತಿಳಿಯುತ್ತಿತ್ತು. ಕೇಳಿದವರು ಅಲ್ಲೇ ಅದರ ಬಗ್ಗೆ ವಾದಿಸುತ್ತಿದ್ದರು. ವಾರ್ತೆ ಕೇಳುವುದು ಮತ್ತು ವಾರ್ತೆಯನ್ನು ತೂಗಿ ನೋಡುವುದು ಒಂದೇ ಜಾಗದಲ್ಲಿ ನಡೆಯುತ್ತಿತ್ತು.

ದೇವನಹಳ್ಳಿಯ ಕವಿ, ಒಂದು ಕ್ಯಾಸೆಟ್

ಕ್ಯಾಸೆಟ್ ಎಂಬ ಸಾಧನವನ್ನು ಫಿಲಿಪ್ಸ್ ಕಂಪೆನಿ 1963ರಲ್ಲಿ ಹೊರತಂದಿತು. ನಮ್ಮ ಹಳ್ಳಿ ಪಟ್ಟಣಗಳಿಗೆ ಅದು ಬಂದು ಹರಡಿದ್ದು 1970ರ ದಶಕದ ಕೊನೆ ಮತ್ತು 80ರ ದಶಕದಲ್ಲಿ. ಕ್ಯಾಸೆಟ್‌ನ ಕತೆಯಲ್ಲಿ ದೇವನಹಳ್ಳಿಗೆ ವಿಶೇಷ ಸ್ಥಾನವಿದೆ. ಕವಿ ಕೆ.ಎಸ್. ನಿಸಾರ್ ಅಹಮದ್ ಜನಿಸಿದ್ದು ಇದೇ ದೇವನಹಳ್ಳಿಯಲ್ಲಿ, 1936ರ ಫೆಬ್ರವರಿ 5ರಂದು. ಭೂವಿಜ್ಞಾನ ಓದಿ, ಅದನ್ನೇ ಕಾಲೇಜುಗಳಲ್ಲಿ ಬೋಧಿಸಿದ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದರು. 1978ರಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಹೆಸರಾಯಿತು.

ಕವಿತಾ ಸಂಕಲನವೊಂದು ಸಾವಿರ ಪ್ರತಿ ಖರ್ಚಾದರೆ ಹಬ್ಬ ಎನ್ನುವ ಕಾಲ ಅದು. ಆದರೆ ಕ್ಯಾಸೆಟ್ ಆ ಕವಿತೆಗಳನ್ನು ಪುಸ್ತಕವೇ ಇಲ್ಲದ ಮನೆಗಳಿಗೆ, ಅಕ್ಷರ ಬಾರದವರ ಕಿವಿಗಳಿಗೆ, ಶಾಲೆಯ ವಾರ್ಷಿಕೋತ್ಸವಗಳಿಗೆ ತಲುಪಿಸಿತು. ಮುಸ್ಲಿಮರಿಗೂ ಕನ್ನಡಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಭಾಷಣದ ಅಗತ್ಯವೇ ಬೀಳಲಿಲ್ಲ. ನಾಡಿನ ಬಗ್ಗೆ ನಿಸಾರ್ ಬರೆದ ಗೀತೆಯನ್ನು ಹಾಡದ ಶಾಲೆ ಕರ್ನಾಟಕದಲ್ಲಿ ಬಹುಶಃ ಇರಲಿಕ್ಕಿಲ್ಲ. ಅದಕ್ಕೆ ಕವಿಯ ಪ್ರತಿಭೆಯಷ್ಟೇ ಆ ಅಗ್ಗದ ಪ್ಲಾಸ್ಟಿಕ್ ಡಬ್ಬಿಯೂ ಕಾರಣ. ಸಾಧನ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದರೊಳಗೆ ಏನು ತುಂಬುತ್ತೇವೆ ಎಂಬುದು ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಾಗಿಲ್ಲ.

ಕ್ಯಾಸೆಟ್‌ಗೆ ಇನ್ನೊಂದು ಗುಣವಿತ್ತು. ಟೇಪು ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ತೂರಿಸಿ ತಿರುಗಿಸಿದರೆ ಸರಿ. ತುಂಡಾದರೆ ಗಮ್ ಟೇಪ್ ಅಂಟಿಸಿದರೆ ಮತ್ತೆ ಹಾಡುತ್ತಿತ್ತು. ಹತ್ತು ವರ್ಷದ ಹುಡುಗನೂ ಅದರ ರಿಪೇರಿಯವನೇ.

ಭಾನುವಾರದ ಟಿ.ವಿ.

ಕರ್ನಾಟಕದ ಹಳ್ಳಿಗಳು ಟಿ.ವಿ.ಯನ್ನು ಮೊದಲು ಕಂಡದ್ದು ಬೆಂಗಳೂರಿನ ಸುತ್ತಮುತ್ತ ಅಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಪ್ರಯೋಗ ನಡೆದಾಗ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗರು ಸಾಮೂಹಿಕ ಟಿ.ವಿ.ಯ ಮುಂದೆ ಕುಳಿತಿದ್ದರು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣ ಬಂತು.

1987ರ ಜನವರಿಯಲ್ಲಿ ‘ರಾಮಾಯಣ’, ಅದರ ಬಳಿಕ ‘ಮಹಾಭಾರತ’ ಪ್ರಸಾರವಾದಾಗ ಭಾನುವಾರ ಬೆಳಗ್ಗೆ ಬೀದಿಗಳು ಬರಿದಾಗುತ್ತಿದ್ದವು. ಟಿ.ವಿ. ಇದ್ದ ಮನೆಯ ನಡುಮನೆಯಲ್ಲಿ ಜಾತಿ ಮತ ಕೇಳದೆ ಜನ ತುಂಬಿಕೊಳ್ಳುತ್ತಿದ್ದರು. ‘ಮಹಾಭಾರತ’ಕ್ಕೆ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಝಾ ಎಂಬುದು ಅಂದಿನ ಪ್ರೇಕ್ಷಕರಿಗೆ ಹೆಮ್ಮೆಯ ವಿಷಯವಾಗಿತ್ತು.

ದೇವನಹಳ್ಳಿಯ ಮಗನ ಸರದಿಯೂ ಬಂತು. ಭಗವಾನ್ ಗಿದ್ವಾನಿಯವರ ಕಾದಂಬರಿ ಆಧರಿಸಿ ಸಂಜಯ್ ಖಾನ್ ತಯಾರಿಸಿದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದ ವೇಳೆ, 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು 62 ಮಂದಿ ಪ್ರಾಣ ಕಳೆದುಕೊಂಡರು. ಪರದೆಯ ಮೇಲೆ ನಾವು ನೋಡಿದ ಆ ವೈಭವದ ಹಿಂದೆ ಹೆಸರು ತಿಳಿಯದ ಕೆಲಸಗಾರರ ಜೀವಗಳಿದ್ದವು. 1990ರಲ್ಲಿ ಧಾರಾವಾಹಿ ಪ್ರಸಾರವಾದಾಗ, ವಿರೋಧಗಳ ಕಾರಣದಿಂದ, ಇದು ಇತಿಹಾಸವಲ್ಲ, ಕಾದಂಬರಿ ಆಧಾರಿತ ಎಂಬ ಸೂಚನೆಯನ್ನು ತೋರಿಸಬೇಕಾಯಿತು. ಯಾವುದು ಇತಿಹಾಸ, ಯಾವುದು ಕಲ್ಪನೆ ಎಂದು ಪರದೆಯ ಮೇಲೆ ಬರೆದು ತೋರಿಸುವ ಜವಾಬ್ದಾರಿಯಾದರೂ ಅಂದು ಇತ್ತು. ಇಂದು ಮೊಬೈಲಿಗೆ ಬಂದು ಬೀಳುವ ವೀಡಿಯೋಗಳಿಗೆ ಅಂತಹ ಒಂದು ಸಾಲಿನ ಸೂಚನೆಯೂ ಇರುವುದಿಲ್ಲ.

ಕಪ್ಪು ಫೋನಿನಿಂದ ಟಾರ್ಚ್ ಫೋನಿಗೆ

ಹೊಸಕೋಟೆಯಿಂದ ಬೆಂಗಳೂರಿಗೆ ಬರುವ ಹಳೆ ಮದ್ರಾಸು ರಸ್ತೆಯಲ್ಲಿ ದೂರವಾಣಿನಗರ ಸಿಗುತ್ತದೆ. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ, 1948ರಲ್ಲಿ ಆರಂಭವಾದದ್ದು ಇಲ್ಲಿ. ದೇಶದ ಮನೆ ಕಚೇರಿಗಳಲ್ಲಿದ್ದ ಬೆರಳು ತೂರಿಸಿ ತಿರುಗಿಸುವ ಕಪ್ಪು ಫೋನುಗಳು ಇಲ್ಲಿ ತಯಾರಾಗುತ್ತಿದ್ದವು. ಆದರೆ ಫೋನ್ ಸಂಪರ್ಕ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕಿತ್ತು. ಫೋನ್ ಮಾಡುವ ಕಾರ್ಖಾನೆ ಪಕ್ಕದಲ್ಲಿದ್ದರೂ ಹಳ್ಳಿಯವನ ಮನೆಯಲ್ಲಿ ಫೋನ್ ಇರಲಿಲ್ಲ!

1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಧೂಳು, ಸೆಖೆಗಳನ್ನು ತಾಳಿಕೊಂಡು ಹವಾನಿಯಂತ್ರಣವಿಲ್ಲದೆ ಕೆಲಸ ಮಾಡುವ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜನ್ನು ರೂಪಿಸಿತು. ಅದನ್ನು 1986ರಲ್ಲಿ ಪರೀಕ್ಷಿಸಿದ್ದು ನಮ್ಮದೇ ಕಿತ್ತೂರಿನಲ್ಲಿ. ಆ ಮೇಲೆ ಬಸ್ ನಿಲ್ದಾಣಗಳ ಬಳಿ ಹಳದಿ ಫಲಕದ ಎಸ್‌ಟಿಡಿ ಬೂತ್‌ಗಳು ಬಂದವು. ಗಲ್ಫ್‌ನಲ್ಲಿರುವ ಮಗನ ಸ್ವರ ಕೇಳಲು ಬೂತಿನ ಮುಂದೆ ಬೆಂಚಿನಲ್ಲಿ ಕಾದು ಕುಳಿತ ತಾಯಂದಿರ ಚಿತ್ರ ನಮ್ಮ ಓದುಗರಿಗೆ ಹೊಸದೇನಲ್ಲ. ನಿಮಿಷಕ್ಕಿಷ್ಟು ಎಂದು ಓಡುವ ಮೀಟರ್ ನೋಡುತ್ತಾ, ಹೇಳಬೇಕಾದುದರಲ್ಲಿ ಅರ್ಧವನ್ನು ನುಂಗಿಕೊಂಡು ರಿಸೀವರ್ ಇಡುತ್ತಿದ್ದರು.

1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ನಡೆಯಿತು. ಕರೆ ಮಾಡಿದವನು ಮಾತ್ರವಲ್ಲ, ಸ್ವೀಕರಿಸಿದವನೂ ಹಣ ಕೊಡಬೇಕಿದ್ದ ಕಾಲ ಅದು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಅದೇ ವರ್ಷ ನೋಕಿಯಾ 1100 ಬಂತು. ಧೂಳು ಹೋಗದ ಕೀಲಿಗಳು, ತಲೆಯಲ್ಲೊಂದು ಟಾರ್ಚ್, ದಿನಗಟ್ಟಲೆ ನಿಲ್ಲುವ ಬ್ಯಾಟರಿ. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾದ ಫೋನ್ ಅದು. ನಮ್ಮ ವೈಯಕ್ತಿಕ ಅಭಿಪ್ರಾಯ ಕೇಳಿದರೆ, ಬಳಸುವವನ ಬದುಕನ್ನು ನೋಡಿ ತಯಾರಿಸಿದ ಫೋನ್ ಎಂದರೆ ಅದೇ. ರಾತ್ರಿ ಪಂಪ್‌ಸೆಟ್ ಹಚ್ಚಲು ತೋಟಕ್ಕೆ ಹೋಗುವ ರೈತನಿಗೆ ಮೆಗಾಪಿಕ್ಸೆಲ್‌ಗಿಂತ ಟಾರ್ಚ್ ಮುಖ್ಯ ಎಂಬುದು ಅದನ್ನು ರೂಪಿಸಿದವನಿಗೆ ಗೊತ್ತಿತ್ತು.

ಆ ಫೋನಿನ ಜೊತೆಗೆ ಒಂದು ಹೊಸ ಕಸುಬೂ ಹುಟ್ಟಿತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು, ಊರಿನ ಪೇಟೆಯಲ್ಲಿ ಸಣ್ಣ ಗಾಜಿನ ಪೆಟ್ಟಿಗೆಯ ಹಿಂದೆ ಕುಳಿತು ಮೊಬೈಲ್ ರಿಪೇರಿ ಮಾಡುವ ಹುಡುಗರು ಎಲ್ಲೆಡೆ ಕಾಣಿಸಿಕೊಂಡರು. ಅವರಲ್ಲಿ ಓದು ನಿಲ್ಲಿಸಿದ ನಮ್ಮ ಸಮುದಾಯದ ಯುವಕರೂ ಬಹಳ. ಕಾಲೇಜಿನ ಪದವಿ ಇಲ್ಲದೆಯೂ ಸೂಕ್ಷ್ಮ ಸರ್ಕಿಟ್‌ಗಳನ್ನು ಓದಬಲ್ಲ ಆ ಜಾಣ್ಮೆಯನ್ನು ನಾವು ಜಾಣ್ಮೆಯೆಂದು ಗುರುತಿಸಲೇ ಇಲ್ಲ.

ಇಂದಿನ ಫೋನುಗಳನ್ನು ಅಂಟು ಹಾಕಿ ಮುಚ್ಚಿರುತ್ತಾರೆ. ಪ್ರಸಿದ್ಧ ಕಂಪೆನಿಯೊಂದರ ಫೋನಿನ ಬ್ಯಾಟರಿ ಬದಲಾಯಿಸಲು ನಾವು ಹೋದಾಗ, ರಿಪೇರಿಯ ಖರ್ಚಿಗೆ ಇನ್ನಷ್ಟು ಹಣ ಸೇರಿಸಿ ಹೊಸದನ್ನೇ ಕೊಳ್ಳಿ ಎಂಬ ಸಲಹೆ ಸಿಕ್ಕಿತು. ಕೊನೆಗೆ ಅದನ್ನು ಸರಿಪಡಿಸಿದ್ದು ಪೇಟೆಯ ಒಬ್ಬ ಹುಡುಗ. ಕೇಂದ್ರ ಸರಕಾರ 2022ರ ಡಿಸೆಂಬರ್‌ನಲ್ಲಿ ‘ರಿಪೇರಿಯ ಹಕ್ಕು’ ಎಂಬ ಜಾಲತಾಣ ಆರಂಭಿಸಿದೆ. ಬಳಕೆದಾರನೇ ಬ್ಯಾಟರಿ ತೆಗೆದು ಹಾಕುವಂತಿರಬೇಕೆಂಬ ನಿಯಮವನ್ನು ಯುರೋಪ್ ಒಕ್ಕೂಟವು 2027ರ ಫೆಬ್ರವರಿಗೆ ನಿಗದಿಪಡಿಸಿದೆ. ಹಳ್ಳಿಯ ಹಳೆಯ ಹಟವೇ ಕೊನೆಗೆ ಕಾನೂನಾಗುತ್ತಿದೆ ಎನ್ನಬಹುದು.

ಒಬ್ಬೊಬ್ಬರಿಗೆ ಒಂದೊಂದು ಪರದೆ

ಐಫೋನ್ 2007ರಲ್ಲಿ ಬಂತು. ಅದರಲ್ಲಿ ಕಂಪೆನಿಯೇ ಅಳವಡಿಸಿದ ಕನ್ನಡ ಕೀಲಿಮಣೆ ಬರಲು 2017ರವರೆಗೆ ಕಾಯಬೇಕಾಯಿತು. ಕನ್ನಡವನ್ನು ಕಂಪ್ಯೂಟರಿಗೆ ತಂದದ್ದು ಬಹುರಾಷ್ಟ್ರೀಯ ಕಂಪೆನಿಗಳಲ್ಲ. ಕೀಲಿಮಣೆಯ ವಿನ್ಯಾಸ ರೂಪಿಸಿದ ಕೆ.ಪಿ. ರಾವ್, 1998ರಲ್ಲಿ ‘ಬರಹ’ ತಂತ್ರಾಂಶ ನೀಡಿದ ಶೇಷಾದ್ರಿವಾಸು, ‘ನುಡಿ’ಯನ್ನು ಸಿದ್ಧಪಡಿಸಿದ ಕನ್ನಡ ಗಣಕ ಪರಿಷತ್ತಿನಂತಹವರು ಎಂಬುದನ್ನು ನೆನಪಿಡಬೇಕು.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಬಳಿಕ ಇಂಟರ್‌ನೆಟ್ ಅಗ್ಗವಾಯಿತು. ಮನೆಗೊಂದು ಟಿ.ವಿ. ಎಂಬುದು ಹೋಗಿ ತಲೆಗೊಂದು ಪರದೆ ಎಂದಾಯಿತು. ಅದರಿಂದ ಲಾಭಗಳಾಗಿವೆ, ಅಲ್ಲಗಳೆಯುವಂತಿಲ್ಲ. ಆದರೆ ಚಹಾದಂಗಡಿಯ ರೇಡಿಯೋದ ಮುಂದೆ ಇದ್ದ ಆ ತೂಗಿ ನೋಡುವ ಜಾಗ ಇಲ್ಲವಾಯಿತು. ಪ್ರತಿಯೊಬ್ಬನೂ ಒಬ್ಬನೇ ಕುಳಿತು ಓದುತ್ತಾನೆ, ಒಬ್ಬನೇ ನಂಬುತ್ತಾನೆ, ನಂಬಿದ್ದನ್ನು ನೂರು ಮಂದಿಗೆ ಕಳುಹಿಸುತ್ತಾನೆ.

ಇದರ ಬೆಲೆ ಎಷ್ಟೆಂಬುದನ್ನು ನಾವು 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಕಂಡೆವು. ಹೈದರಾಬಾದಿನ ಒಬ್ಬ ಯುವ ಇಂಜಿನಿಯರ್ ಸ್ನೇಹಿತರೊಂದಿಗೆ ಬಂದಿದ್ದ. ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಅವರ ಅಪರಾಧ. ಮಕ್ಕಳ ಕಳ್ಳರು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಅವರ ಕಾರಿಗಿಂತ ವೇಗವಾಗಿ ಮುಂದಿನ ಊರಿಗೆ ತಲುಪಿತು. ದಾರಿ ತಡೆದು ಹೊಡೆದ ಗುಂಪಿನ ಕೈಯಲ್ಲಿ ಆತ ಪ್ರಾಣ ಬಿಟ್ಟ. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ರಾಜಸ್ಥಾನದ ಒಬ್ಬ ಕೂಲಿಯವನನ್ನು ಇಂತಹುದೇ ವದಂತಿ ಬಲಿ ಪಡೆದಿತ್ತು. ಒಂದು ಬಾರಿಗೆ ಐವರಿಗಿಂತ ಹೆಚ್ಚು ಮಂದಿಗೆ ಸಂದೇಶ ದಾಟಿಸಲಾಗದಂತೆ ವಾಟ್ಸ್‌ಆ್ಯಪ್ ಮಿತಿ ಹೇರಿದ್ದು ಇಂತಹ ಸಾವುಗಳ ನಂತರ. ಕುರಿಗಳನ್ನು ಮುಂದಿಟ್ಟುಕೊಂಡು ಹಿಂಡಿನ ಬುದ್ಧಿಯನ್ನು ಲೇವಡಿ ಮಾಡಿದ ಕವಿಯೂ ದೇವನಹಳ್ಳಿಯ ನಿಸಾರ್ ಅವರೇ. ಆ ಕವಿತೆ ಬರೆದಾಗ ಹಿಂಡಿನ ಕೈಗೆ ಮೊಬೈಲ್ ಬಂದಿರಲಿಲ್ಲ.

2020ರಲ್ಲಿ ಕೊರೋನದಿಂದಾಗಿ ಶಾಲೆಗಳು ಮುಚ್ಚಿದಾಗ ಇನ್ನೊಂದು ಸತ್ಯ ಬಯಲಾಯಿತು. ಮೂವರು ಮಕ್ಕಳಿರುವ ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್. ಅದೂ ತಂದೆಯ ಜೊತೆ ಕೆಲಸಕ್ಕೆ ಹೋಗುತ್ತದೆ. ಒಂದು ಫೋನ್ ಹಂಚಬೇಕಾದಾಗ ಮೊದಲ ಪಾಲು ಗಂಡುಮಗನಿಗೆ. ಆಗ ಸರಕಾರ ಕೈ ಚಾಚಿದ್ದು ಹಳೆಯ ಟಿ.ವಿ.ಗೆ. ಚಂದನ ವಾಹಿನಿಯಲ್ಲಿ ‘ಸೇತುಬಂಧ’, ‘ಸಂವೇದ’ ಪಾಠಗಳು ಬಂದವು. ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರು ಮರದ ಕೆಳಗೆ, ದೇವಸ್ಥಾನದ ಜಗಲಿಯಲ್ಲಿ ಪಾಠ ಮಾಡಿದರು. ಎಲ್ಲರೂ ಕೂಡಿ ನೋಡಬಹುದಾದ ಹಳೆಯ ಯಂತ್ರ ಕಷ್ಟಕಾಲದಲ್ಲಿ ಬಡವನ ಕೈ ಬಿಡಲಿಲ್ಲ.

ಮಾಡುವ ಕೈಗಳು

ಇಷ್ಟು ಕಾಲ ಗ್ರಾಮಾಂತರದ ಜನ ಯಂತ್ರಗಳ ಕೇಳುಗರು, ನೋಡುಗರು, ಗಿರಾಕಿಗಳು. ಈಗ ಅವರೇ ತಯಾರಕರೂ ಆಗಿದ್ದಾರೆ.

ಭಾರತದಲ್ಲಿ ಐಫೋನ್ ಜೋಡಣೆ ಮೊದಲು ನಡೆದದ್ದು 2017ರಲ್ಲಿ, ನೆಲಮಂಗಲದ ದಾರಿಯಲ್ಲಿರುವ ಪೀಣ್ಯದಲ್ಲಿ. ತೈವಾನಿನ ವಿಸ್ಟ್ರಾನ್ ಕಂಪೆನಿ ಅದನ್ನು ಮಾಡುತ್ತಿತ್ತು. ಆ ಮೇಲೆ ಅದು ಹೊಸಕೋಟೆ ದಾಟಿದರೆ ಸಿಗುವ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ದೊಡ್ಡ ಘಟಕ ತೆರೆಯಿತು. 2020ರ ಡಿಸೆಂಬರ್ 12ರ ಬೆಳಗ್ಗೆ ಅಲ್ಲಿನ ಕಾರ್ಮಿಕರ ಸಿಟ್ಟು ಸ್ಫೋಟಗೊಂಡಿತು. ಗಾಜು ಪುಡಿಯಾಯಿತು, ವಾಹನಗಳು ಉರುಳಿದವು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ತನಿಖೆಯ ನಂತರ ಸಂಬಳ ಪಾವತಿಯಲ್ಲಿ, ಕೆಲಸದ ಗಂಟೆಗಳ ಲೆಕ್ಕದಲ್ಲಿ ಲೋಪವಾದುದು ನಿಜವೆಂದು ಕಂಪೆನಿಗಳೇ ಒಪ್ಪಿಕೊಂಡವು. ವಿಸ್ಟ್ರಾನ್ ಕಾರ್ಮಿಕರ ಕ್ಷಮೆ ಕೇಳಿತು. ಆ್ಯಪಲ್ ಅದಕ್ಕೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಪಾಲಾಯಿತು. ಐಫೋನ್‌ನ ಕ್ಯಾಮೆರಾದ ಬಗ್ಗೆ ಗಂಟೆಗಟ್ಟಲೆ ಚರ್ಚಿಸಿದ ನಮ್ಮಲ್ಲಿ ಎಷ್ಟು ಮಂದಿ ಆ ಸಂಬಳದ ಚೀಟಿಯ ಬಗ್ಗೆ ಚರ್ಚಿಸಿದೆವು?

2023ರಲ್ಲಿ ಫಾಕ್ಸ್‌ಕಾನ್ ದೇವನಹಳ್ಳಿ ತಾಲೂಕಿನಲ್ಲಿ ಸುಮಾರು 300 ಎಕರೆ ಜಮೀನನ್ನು 300 ಕೋಟಿ ರೂಪಾಯಿಗೆ ಪಡೆಯಿತು. 2025ರ ಆಗಸ್ಟ್‌ನಲ್ಲಿ ಅಲ್ಲಿ ಐಫೋನ್ 17ರ ತಯಾರಿ ಆರಂಭವಾಯಿತು. ಆ ವರ್ಷದ ಕೊನೆಗೆ ಸುಮಾರು 30,000 ಮಂದಿ ಅಲ್ಲಿ ಸೇರಿದ್ದರು, ಅವರಲ್ಲಿ ಶೇ. 80ರಷ್ಟು ಯುವತಿಯರು ಎಂದು ಪತ್ರಿಕೆಗಳು ವರದಿ ಮಾಡಿದವು. ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕಬಾರದು. ಹೊಲ ಮನೆ ಬಿಟ್ಟು ಹೊರಗೆ ದುಡಿದು ತನ್ನ ಹೆಸರಿನ ಖಾತೆಗೆ ಸಂಬಳ ಪಡೆಯುವ ಮಗಳು ಮನೆಯ ಮಾತುಕತೆಯ ಧಾಟಿಯನ್ನೇ ಬದಲಿಸುತ್ತಾಳೆ.

ಹಾಗೆಂದು ಕಣ್ಣು ಮುಚ್ಚಿಕೊಳ್ಳುವಂತಿಲ್ಲ. ಕರ್ನಾಟಕ ವಿಧಾನಮಂಡಲ 2023ರ ಫೆಬ್ರವರಿಯಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಗಳವರೆಗಿನ ಪಾಳಿಗೂ ಮಹಿಳೆಯರ ರಾತ್ರಿ ಪಾಳಿಗೂ ದಾರಿ ಮಾಡಿಕೊಟ್ಟಿತು. ತಮಿಳುನಾಡಿನ ಶ್ರೀಪೆರಂಬದೂರಿನಲ್ಲಿ 2021ರ ಡಿಸೆಂಬರ್‌ನಲ್ಲಿ ಫಾಕ್ಸ್‌ಕಾನ್ ಘಟಕದ ಹಾಸ್ಟೆಲಿನ ಊಟದಿಂದ ಯುವತಿಯರು ಅಸ್ವಸ್ಥರಾದಾಗ ಅವರು ಹೆದ್ದಾರಿಗಿಳಿದು ಪ್ರತಿಭಟಿಸಬೇಕಾಯಿತು. ಅದೇ ಶ್ರೀಪೆರಂಬದೂರಿನಲ್ಲಿ ಸಾವಿರಾರು ಮಂದಿಗೆ ಕೆಲಸ ಕೊಟ್ಟಿದ್ದ ನೋಕಿಯಾ ಕಾರ್ಖಾನೆ 2014ರ ನವೆಂಬರ್ 1ರಂದು ಬಾಗಿಲು ಹಾಕಿತು. ನಮ್ಮಲ್ಲೇ, 1961ರಿಂದ ವಾಚು ತಯಾರಿಸಿದ ಎಚ್ಎಂಟಿಯ ಗಡಿಯಾರ ವಿಭಾಗವನ್ನು ಮುಚ್ಚಲು 2016ರಲ್ಲಿ ತೀರ್ಮಾನವಾಯಿತು. ಮದುವೆಗೆ ಎಚ್ಎಂಟಿ ವಾಚು ಉಡುಗೊರೆ ಪಡೆದ ತಲೆಮಾರು ಅದು ಮುಚ್ಚೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಕಾರ್ಖಾನೆ ಬರುತ್ತದೆ, ಹೋಗುತ್ತದೆ. ಹೋದ ಮೇಲೆ ಕಾರ್ಮಿಕನ ಕೈಯಲ್ಲಿ ಏನು ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಬಂದ ದಿನವೇ ಕೇಳಬೇಕು.

ಕಾರ್ಖಾನೆಗೆ ಕೈಗಳು ಮಾತ್ರವಲ್ಲ, ನೆಲವೂ ಬೇಕು. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದಂದಿನಿಂದ ದೇವನಹಳ್ಳಿಯ ನೆಲದ ಮೇಲೆ ಎಲ್ಲರ ಕಣ್ಣು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನನ್ನು ವೈಮಾನಿಕ ಕೈಗಾರಿಕೆಗಳಿಗಾಗಿ ಸ್ವಾಧೀನಪಡಿಸಲು ಮುಂದಾದಾಗ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕುಳಿತರು. ಸಾವಿರಕ್ಕೂ ಹೆಚ್ಚು ದಿನಗಳ ಹೋರಾಟದ ಬಳಿಕ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು. ಅದು ಫೋನ್ ಕಾರ್ಖಾನೆಯ ಜಮೀನಲ್ಲ, ನಿಜ. ಆದರೆ ಯಂತ್ರದ ಕನಸಿಗೂ ರಾಗಿಯ ಹೊಲಕ್ಕೂ ನಡುವೆ ಯಾರು ತೀರ್ಮಾನಿಸಬೇಕು ಎಂಬ ಪ್ರಶ್ನೆಗೆ ಆ ರೈತರು ಕೊಟ್ಟ ಉತ್ತರ ಇಡೀ ಜಿಲ್ಲೆಗೆ ಸಂಬಂಧಿಸಿದ್ದು.

ದಾಬಸ್‌ಪೇಟೆಯಲ್ಲಿ ಕೊನೆ

ಈಗ ನೆಲಮಂಗಲ ತಾಲೂಕಿನ ದಾಬಸ್‌ಪೇಟೆಗೆ ಹೋಗೋಣ. ಸರಕಾರದ ಮಾನ್ಯತೆ ಪಡೆದ ದೇಶದ ಮೊದಲ ಇ-ತ್ಯಾಜ್ಯ ಸಂಸ್ಕರಣಾ ಘಟಕ ‘ಇ-ಪರಿಸರ’ 2005ರಲ್ಲಿ ಆರಂಭವಾದದ್ದು ಇಲ್ಲಿ. ಹಳೆಯ ಕಂಪ್ಯೂಟರ್, ಟಿ.ವಿ., ಫೋನುಗಳನ್ನು ಬಿಚ್ಚಿ ಪ್ಲಾಸ್ಟಿಕ್, ಗಾಜು, ತಾಮ್ರ ಮುಂತಾದವನ್ನು ಬೇರ್ಪಡಿಸಲಾಗುತ್ತದೆ. ಒಂದು ಟನ್ ಹಳೆಯ ಮೊಬೈಲ್ ಫೋನುಗಳಲ್ಲಿ ಒಂದು ಟನ್ ಒಳ್ಳೆಯ ಅದಿರಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಚಿನ್ನವಿರುತ್ತದೆ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿತು. ಈಗ ಚಿನ್ನದ ಗಣಿ ನಮ್ಮ ಮನೆಯ ಕಪಾಟಿನ ಮೂಲೆಯಲ್ಲಿದೆ!

ಆದರೆ ಬಹುಪಾಲು ತ್ಯಾಜ್ಯ ಇಂತಹ ಘಟಕಗಳಿಗೆ ಬರುವುದಿಲ್ಲ. ಅದು ಗುಜರಿಯವನ ತಕ್ಕಡಿಗೆ ಹೋಗುತ್ತದೆ. ನಗರದ ಇಕ್ಕಟ್ಟಿನ ಗಲ್ಲಿಗಳಲ್ಲಿ ಬಡ ಕುಟುಂಬಗಳು ತಂತಿ ಸುಟ್ಟು ತಾಮ್ರ ತೆಗೆಯುತ್ತವೆ, ಆಮ್ಲದಲ್ಲಿ ಅದ್ದಿ ಚಿನ್ನ ತೆಗೆಯುತ್ತವೆ. ಸೀಸ, ಪಾದರಸದ ವಿಷ ಅವರ ಉಸಿರಿಗೆ, ಅವರ ಮಕ್ಕಳ ರಕ್ತಕ್ಕೆ ಸೇರುತ್ತದೆ. ಈ ಗುಜರಿ ಕಸುಬಿನಲ್ಲಿರುವವರಲ್ಲಿ ನಮ್ಮ ಸಮುದಾಯದವರು ಎಷ್ಟಿದ್ದಾರೆಂದು ಬೇರೆ ಹೇಳಬೇಕಾಗಿಲ್ಲ. 2012ರ ಮೇ ತಿಂಗಳಿನಿಂದ ಇ-ತ್ಯಾಜ್ಯ ನಿಯಮಗಳು ಜಾರಿಯಲ್ಲಿವೆ, 2023ರ ಏಪ್ರಿಲ್‌ನಿಂದ ಇನ್ನಷ್ಟು ಬಿಗಿಯಾಗಿವೆ. ತಯಾರಿಸಿದ ಕಂಪೆನಿಯೇ ಹಳೆಯ ವಸ್ತುವಿನ ವಿಲೇವಾರಿಗೆ ಹೊಣೆ ಎಂದು ಅವು ಹೇಳುತ್ತವೆ. ಆ ಗಲ್ಲಿಗಳಲ್ಲಿ ದುಡಿಯುವವರಿಗೆ ತರಬೇತಿ ಕೊಟ್ಟು, ಮಾನ್ಯತೆ ಕೊಟ್ಟು, ಸುರಕ್ಷಿತ ಘಟಕಗಳೊಂದಿಗೆ ಜೋಡಿಸುವ ಕೆಲಸ ಆಗಬೇಕಾಗಿದೆ. ನಮ್ಮ ಸಂಘ ಸಂಸ್ಥೆಗಳು ಮನಸ್ಸು ಮಾಡಿದರೆ ಇದು ಅಸಾಧ್ಯವೇನಲ್ಲ.

ನಾಲ್ಕು ಪ್ರಶ್ನೆಗಳು

ಒಂದು ಯಂತ್ರ ಒಳ್ಳೆಯದೇ ಕೆಟ್ಟದ್ದೇ ಎಂದು ನಿರ್ಧರಿಸಲು ಈ ನಾಲ್ಕು ತಾಲೂಕುಗಳ ಚರಿತ್ರೆ ನಮ್ಮ ಮುಂದೆ ನಾಲ್ಕು ಪ್ರಶ್ನೆಗಳನ್ನು ಇಡುತ್ತದೆ. ಇದರ ಪ್ರಯೋಜನ ಎಷ್ಟು ಮಂದಿಗೆ ಸಿಗುತ್ತದೆ? ಕೆಟ್ಟರೆ ನಮ್ಮೂರ ಪೇಟೆಯಲ್ಲಿ ಸರಿಪಡಿಸಲು ಬರುತ್ತದೆಯೇ? ಇದನ್ನು ತಯಾರಿಸಿದ ಕೈಗಳಿಗೆ ನ್ಯಾಯ ಸಿಕ್ಕಿದೆಯೇ? ಬಿಸಾಡಿದ ಮೇಲೆ ಇದು ಯಾರ ಅಂಗಳಕ್ಕೆ ಹೋಗಿ ಬೀಳುತ್ತದೆ? ಮೆಗಾಪಿಕ್ಸೆಲ್‌ನ ಲೆಕ್ಕ ಇವುಗಳ ಬಳಿಕ ಬರಲಿ.

ಇದೆಲ್ಲ ಯಂತ್ರಗಳ ಮೇಲಿನ ದ್ವೇಷವಲ್ಲ. ಈ ಲೇಖನವನ್ನು ನಾವು ಬರೆದದ್ದೂ ಒಂದು ಕಂಪ್ಯೂಟರಿನಲ್ಲಿಯೇ. ಅದರಲ್ಲಿ ಕನ್ನಡ ಮೂಡುವಂತೆ ಮಾಡಿದವರಿಗೆ ನಾವು ಋಣಿಗಳು. ನಮ್ಮ ಕೋರಿಕೆ ಇಷ್ಟೇ. ಮುಂದಿನ ಬಾರಿ ಹೊಸ ಫೋನ್ ಕೊಳ್ಳುವ ಮಾತು ಮನೆಯಲ್ಲಿ ಬಂದಾಗ ಮಕ್ಕಳನ್ನು ಕೂರಿಸಿಕೊಂಡು ಈ ನಾಲ್ಕು ಪ್ರಶ್ನೆಗಳನ್ನೂ ಕೇಳಿ. ಹಳೆಯದನ್ನು ಗುಜರಿಗೆ ಹಾಕುವ ಮುನ್ನ ಪೇಟೆಯ ಆ ರಿಪೇರಿ ಹುಡುಗನಿಗೆ ಒಮ್ಮೆ ತೋರಿಸಿ. ದೇವನಹಳ್ಳಿಯ ಕಾರ್ಖಾನೆಗೆ ಹೋಗುವ ಹೆಣ್ಣುಮಗಳೊಬ್ಬಳು ನಿಮ್ಮ ನೆರೆಯಲ್ಲಿದ್ದರೆ ಆಕೆಯ ಕೆಲಸ ಹೇಗಿದೆ ಎಂದು ವಿಚಾರಿಸಿ. ನಿಮ್ಮ ಕೈಯಲ್ಲಿರುವ ಫೋನಿನ ಬಗ್ಗೆ ಅಭಿಪ್ರಾಯ ಹೇಳುವ ಮೊದಲ ಹಕ್ಕು ಅವಳದು.